ಮಠದ ಹೆಸರು, ಮದ್ಯದ ರುಚಿ

ಪದಾರ್ಥದ ಗುಣವು ಪದಾರ್ಥದಲ್ಲಿಯೇ ಇರತಕ್ಕದ್ದೋ, ಅದನ್ನು ಮಾಡಿದವನ ಶೀಲವೂ ಅದರಲ್ಲಿ ಸೇರತಕ್ಕದ್ದೋ ಎಂಬುದು ವಿಚಾರಣೀಯವಾದ ಪ್ರಶ್ನೆ. ಇದನ್ನು ಮದ್ಯದ ನಿಮಿತ್ತವಾಗಿ ಎತ್ತಿಕೊಂಡೆನೆಂದು ವಾಚಕ ಮಹಾಶಯರು ಹುಬ್ಬು ಗಂಟಿಕ್ಕಬಾರದು. ಸುರೆಯ ಭೇದಗಳನ್ನು ವಿವರಿಸಿದ ಶಾಸ್ತ್ರಕಾರರು ನಮ್ಮಲ್ಲಿಯೂ ಉಂಟು. ಕೌಟಿಲ್ಯನು ಸುರಾಧ್ಯಕ್ಷನಿಗೆಂದೇ ಒಂದು ಪ್ರಕರಣವನ್ನು ಬರೆದಿದ್ದಾನೆ.

ಬೆಲ್ಜಿಯಂ ದೇಶದ ಕೆಲವು ಕ್ರೈಸ್ತಮಠಗಳಲ್ಲಿ ಸನ್ಯಾಸಿಗಳೇ ಬಿಯರನ್ನು ಕಾಸುವ ಸಂಪ್ರದಾಯವುಂಟು. ಇವರು ಅನುಸರಿಸುವುದು ಆರನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮವನ್ನು. ಕೈದುಡಿಮೆಯಿಂದ ಬದುಕುವವರೇ ನಿಜವಾದ ಸನ್ಯಾಸಿಗಳೆಂಬುದು ಅವನ ಮತ. ಪಾನದ ವಿಷಯದಲ್ಲಿ ಅವನು ಹೇಳಿರುವುದು ಇನ್ನೂ ಸ್ವಾರಸ್ಯವಾಗಿದೆ: ದ್ರಾಕ್ಷಾರಸವು ಸನ್ಯಾಸಿಗಳಿಗೆ ತಕ್ಕುದಲ್ಲ, ಆದರೆ ಈ ಕಾಲದವರನ್ನು ಒಪ್ಪಿಸಲಾಗದು, ಆದಕಾರಣ ದಿನಕ್ಕಿಷ್ಟೆಂದು ಅಳತೆ ಮಾಡಿ ಕೊಡತಕ್ಕದ್ದು, ಬಿಡಬಲ್ಲವನಿಗೆ ಫಲವು ಬೇರೆಯೇ ಉಂಟು. ಪ್ರವೃತ್ತಿಯು ಸಹಜ, ನಿವೃತ್ತಿಯೇ ಮಹಾಫಲವೆಂಬ ಮನುವಿನ ಅಭಿಪ್ರಾಯಕ್ಕೂ ಇದಕ್ಕೂ ಎಷ್ಟು ಅಂತರ?

1997ರಲ್ಲಿ ಟ್ರಾಪಿಸ್ಟ್ ಪಂಥದ ಮಠಗಳು ಸಂಘ ಕಟ್ಟಿಕೊಂಡು ತಮ್ಮ ಹೆಸರಿನ ಮುದ್ರೆಗೆ ಮೂರು ನಿಬಂಧನೆಗಳನ್ನು ವಿಧಿಸಿದವು. ಬಿಯರನ್ನು ಮಠದ ಪ್ರಾಕಾರದೊಳಗೇ ಕಾಸಬೇಕು. ಸನ್ಯಾಸಿಗಳ ಕೈಯಿಂದ ಇಲ್ಲವೆ ಅವರ ಮೇಲ್ವಿಚಾರಣೆಯಲ್ಲಿ ಆಗಬೇಕು. ಬಂದ ಹಣವು ಮಠದ ನಿರ್ವಾಹಕ್ಕೂ ದಾನಧರ್ಮಕ್ಕೂ ಸಲ್ಲಬೇಕು. ಮೂರರಲ್ಲಿ ಒಂದಾದರೂ ರುಚಿಯ ಮಾತಲ್ಲ! ಈ ಮುದ್ರೆಯಿಲ್ಲದೆ, ಅದೇ ರೀತಿಯಲ್ಲಿ ಇತರರು ಕಾಸಿದ್ದನ್ನು ಮಠದ ರೀತಿಯ ಬಿಯರೆಂದು ಕರೆಯುತ್ತಾರೆ.

2010ರಿಂದೀಚೆಗೆ ಬೆಂಗಳೂರಿನಲ್ಲಿ ಕಿರು ಮದ್ಯಾಲಯಗಳು ಹೆಚ್ಚಿ, ಬೆಲ್ಜಿಯಂ ರೀತಿಯ ಬಿಯರು ಅಲ್ಲಿಯೇ ಸಿದ್ಧವಾಗುತ್ತಿದೆ. ನನ್ನ ಸೋದರಳಿಯನು ಅಂತಹ ಕಂದುಬಣ್ಣದ ಮಠದ ರೀತಿಯದೊಂದನ್ನು ಸವಿದು ಬಂದು ಕೆಂಚಾರ್ಲಹಳ್ಳಿಯ ನಮ್ಮ ಜಗಲಿಯ ಮೇಲೆ ಕುಳಿತು ವರ್ಣಿಸಿದನು. ಮೊದಲು ಒಣದ್ರಾಕ್ಷಿ, ಆಮೇಲೆ ಕರಿದಾದ ಬೆಲ್ಲ, ಕೊನೆಗೆ ಲವಂಗ. ಆದರೆ ಲವಂಗವನ್ನು ಹಾಕಿಯೇ ಇಲ್ಲ, ಹುದುಗಿಸುವ ಕಿಣ್ವವೇ ಆ ಪರಿಮಳವನ್ನು ಹುಟ್ಟಿಸುತ್ತದೆಯಂತೆ. ನಾನು ಕುಡಿಯುವವನಲ್ಲ, ಕೇಳಿದೆನು. ಮೊಳಕೆಯ ಜವೆಗೋಧಿಯೊಡನೆ ಇದಕ್ಕೆ ‘ಕ್ಯಾಂಡಿ’ ಎಂಬ ಸಕ್ಕರೆಯನ್ನೂ ಸೇರಿಸುವರು. ಆ ಶಬ್ದವು ನಮ್ಮ ‘ಖಂಡ’ವೇ, ಪಾರಸಿ, ಅರಬ್ಬಿ ಭಾಷೆಗಳ ಮೂಲಕ ಯೂರೋಪನ್ನು ಸೇರಿದ್ದು. ಹಿಟ್ಟಿನ ಸುರೆ ಪೈಷ್ಟೀ, ಬೆಲ್ಲದ್ದು ಗೌಡೀ ಎಂಬ ಶಾಸ್ತ್ರದ ವಿಭಾಗದಲ್ಲಿ ಇದನ್ನು ಯಾವುದಕ್ಕೆ ಸೇರಿಸೋಣ? ಎರಡಕ್ಕೂ ಎಂದು ತೋರುತ್ತದೆ. ಅಳಿಯನು ನಕ್ಕನು.

ಕಿಣ್ವವೂ ಸಕ್ಕರೆಯೂ ಸಮುದ್ರವನ್ನು ದಾಟಬಲ್ಲವು. ಬೆನೆಡಿಕ್ಟನ ಅಳತೆಯು ದಾಟಿ ಬಂದಿತೆ? ಅದು ಲೋಟದಲ್ಲಿ ಕಾಣುವಂಥದ್ದಲ್ಲ. ‘ಮಠದ ರೀತಿ’ ಎಂದಷ್ಟೇ ಹೇಳುವ ವ್ಯಾಪಾರಿಯಲ್ಲಿ ನನಗೆ ದೋಷ ಕಾಣದು. ಅವನು ರೀತಿಯನ್ನು ಮಾರುತ್ತಾನೆ, ವ್ರತವನ್ನಲ್ಲ. ನನ್ನನ್ನು ಕಾಡುವುದು ಕೊಳ್ಳುವವರ ಗೌರವಬುದ್ಧಿ.

ನನ್ನ ಬಾಲ್ಯದಲ್ಲಿ ಈ ಸೀಮೆಯ ಕೆರೆಯಂಚಿನ ಈಚಲುಮರಗಳಿಗೆ ಮಡಕೆ ಕಟ್ಟಿ ಹೆಂಡ ಇಳಿಸುವವರಿದ್ದರು. ಬೆಳಗಿನ ಸಿಹಿರಸವು ಬಿಸಿಲೇರುವಷ್ಟರಲ್ಲಿ ತಾನೇ ಹುಳಿತು ಹೆಂಡವಾಗುತ್ತಿದ್ದಿತು. ಅದೂ ಕೈದುಡಿಮೆಯೇ, ಪ್ರಾಣವನ್ನು ಪಣಕ್ಕಿಟ್ಟ ದುಡಿಮೆ. ನಮ್ಮಂತಹ ಮನೆಗಳವರು ಅವರನ್ನು ಜಗಲಿಯ ಹತ್ತಿರಕ್ಕೂ ಕರೆಯುತ್ತಿರಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೂ ನಿಂತಿತು. ಎಷ್ಟೋ ಹೆಂಗಸರ ಕಣ್ಣೀರನ್ನು ಕಂಡ ನಾನು ಅದು ಬೇಡವಾಗಿತ್ತೆನ್ನಲಾರೆ. ಆದರೆ ಬಡವನ ಪಾನವು ಪಾಪವೆಂದೂ, ಪರದೇಶದ ಹೆಸರುಳ್ಳದ್ದು ಅಭಿರುಚಿಯೆಂದೂ ಒಂದೇ ನಾಲಗೆಯು ನುಡಿಯುವುದು ಯಾವ ಧರ್ಮಶಾಸ್ತ್ರ? ಅಳಿಯನಿಗೆ ಇದನ್ನು ಕೇಳಿದೆನು. ಈಚಲ ಹೆಂಡದ ರುಚಿ ಹೇಗಿತ್ತೆಂದು ಅವನು ಮರುಪ್ರಶ್ನೆ ಹಾಕಿದನು. ನಮ್ಮ ಮನೆಯಲ್ಲಿ ಹೇಳಬಲ್ಲವರು ಯಾರೂ ಇರಲಿಲ್ಲ. ಇಳಿಸುತ್ತಿದ್ದವರ ಮಕ್ಕಳು ಈಗ ಹಿಪ್ಪುನೇರಳೆ ಬೆಳೆದು, ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುತ್ತಾರೆ.