ಹಳೆಯ ಎಣ್ಣೆಗೆ ಹೊಸ ಪಂಪು

ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ಫೋರ್ಟ್‌ನ ನಮ್ಮ ಆಫೀಸಿನ ಹತ್ತಿರ, ಹಾರ್ನಿಮನ್ ಸರ್ಕಲ್‌ನಲ್ಲಿ ಗಾಡಿ ತಿರುಗಿಸುವಾಗ ಸ್ಟೀರಿಂಗ್ ಕಲ್ಲಿನಂತಾಯಿತು. 13 ವರ್ಷದ ಡೀಸೆಲ್ ಗಾಡಿ. ಎರಡು ತಿಂಗಳಿಂದ ಪ್ರತಿ ತಿರುವಿನಲ್ಲೂ ಕುಂಯ್‌ಗುಡುತ್ತಿತ್ತು. ನಾನು ಹಾಡಿನ ವಾಲ್ಯೂಮ್ ಹೆಚ್ಚಿಸಿಕೊಂಡಿದ್ದೆ.

ಪವರ್ ಸ್ಟೀರಿಂಗ್ ಪಂಪು ಕೆಟ್ಟರೂ ಚಕ್ರ ತಿರುಗುತ್ತದೆ, ತೋಳಿನ ಬಲ ಬೇಕು ಅಷ್ಟೆ. ಹಾಗೇ ಎಳೆದಾಡಿಕೊಂಡು ಪಿ. ಡಿಮೆಲ್ಲೊ ರಸ್ತೆ ಬದಿಯ ಗ್ಯಾರೇಜು ಮುಟ್ಟಿದೆ. ನಮ್ಮ ಕರಾವಳಿಯಿಂದ ಬಂದು ಇಲ್ಲಿಯ ಬಂದರು ಕಾರ್ಮಿಕರನ್ನು ಸಂಘಟಿಸಿದ ಪ್ಲಾಸಿಡ್ ಡಿಮೆಲ್ಲೊ ಅವರ ಹೆಸರಿನ ರಸ್ತೆ ಅದು. ಗ್ಯಾರೇಜಿನ ಮೇಸ್ತ್ರಿಯೂ ಕುಂದಾಪುರದ ಕಡೆಯವರು, ಅರವತ್ತು ದಾಟಿದವರು. ಎಣ್ಣೆ ಡಬ್ಬದ ಮುಚ್ಚಳ ತೆಗೆದು, ಬೆರಳು ಅದ್ದಿ ತೋರಿಸಿದರು. ಕೆಂಪಗಿರಬೇಕಾದ ಎಣ್ಣೆ ಕಪ್ಪಾಗಿತ್ತು. ಅದರಲ್ಲಿ ಲೋಹದ ಪುಡಿ ಮಿನುಗುತ್ತಿತ್ತು.

"ಬೇಗ ಹೊಸ ಪಂಪು ಹಾಕಿಬಿಡಿ ಅಣ್ಣ, 3 ಗಂಟೆಗೆ ಮೀಟಿಂಗ್ ಇದೆ" ಎಂದೆ.

"ಹಾಕುವ ಮಾರಾಯ್ರೆ. ಆದ್ರೆ ಈ ಎಣ್ಣೆಯಲ್ಲೇ ಹಾಕಿದ್ರೆ ಅದೂ ಹಾಳಾಗ್ತದೆ. ಆಮೇಲೆ ನೀವು ಪಂಪಿಗೆ ಬೈತೀರಿ."

ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಡದಲ್ಲಿ ತಳ್ಳುತ್ತದೆ. ಚಕ್ರ ತಿರುಗಿಸುವ ಕೈಗೆ ಆ ಒತ್ತಡವೇ ನೆರವು. ಪಂಪು ಸವೆದ ಪುಡಿ ಅದೇ ಎಣ್ಣೆಯಲ್ಲಿ ಪೈಪುಗಳನ್ನೆಲ್ಲ ಸುತ್ತಿ ಮತ್ತೆ ಪಂಪಿಗೇ ಬರುತ್ತದೆ. ಮೇಸ್ತ್ರಿ ಪೈಪು ಬಿಚ್ಚಿ, ಕಪ್ಪು ಹೋಗುವ ತನಕ ಹೊಸ ಎಣ್ಣೆ ಹಾಯಿಸಿ ತೊಳೆದರು. ಪಂಪು ಕೂರಿಸಿ ಬೆಲ್ಟ್ ಬಿಗಿದ ಮೇಲೂ ಇಂಜಿನ್ ಚಾಲೂ ಮಾಡಲು ಬಿಡಲಿಲ್ಲ. ಮುಂದಿನ ಚಕ್ರಗಳನ್ನು ಮೇಲೆತ್ತಿ, ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನನ್ನಿಂದಲೇ 20 ಸಲ ತಿರುಗಿಸಿದರು. ಡಬ್ಬದಲ್ಲಿ ಗುಳ್ಳೆ ಏಳುತ್ತಿದ್ದವು. ಒಳಗಿನ ಗಾಳಿ ಪೂರ್ತಿ ಹೋಗಬೇಕಂತೆ.

ಆ ಮೀಟಿಂಗ್ ಯಾವುದಕ್ಕೆಂದು ಹೇಳಬೇಕು. ನನ್ನ ತಂಡದ ಟೆಸ್ಟಿಂಗ್ ಲೀಡ್ ರಾಜೀನಾಮೆ ಕೊಟ್ಟಿದ್ದಳು. ಒಂದೂವರೆ ವರ್ಷದಲ್ಲಿ ಆ ಜಾಗ ಬಿಟ್ಟವರಲ್ಲಿ ಮೂರನೆಯವಳು. ಅಂದು ಬದಲಿ ಹೆಸರು ಅಂತಿಮವಾಗಬೇಕಿತ್ತು. ಮೊದಲಿನ ಇಬ್ಬರ ಬಗ್ಗೆ ನಾನು ಬರೆದ ಟಿಪ್ಪಣಿ: 'ಒತ್ತಡ ತಾಳುವ ಶಕ್ತಿ ಕಡಿಮೆ'. ಮೂವರೂ ಹೋಗುವ ಮುನ್ನ ಒಂದೇ ಮಾತು ಹೇಳಿದ್ದರು: ರಾತ್ರಿ 11ಕ್ಕೆ ಕ್ಲೈಂಟ್ ಕಾಲ್, ಬೆಳಿಗ್ಗೆ 8ಕ್ಕೆ ವರದಿ, ನಿದ್ದೆ ಯಾವಾಗ?

ಮನುಷ್ಯ ಪಂಪಲ್ಲ ಎನ್ನಬಹುದು. ನಿಜ, ಅವನಿಗೆ ತನ್ನದೇ ಹೊಣೆಯೂ ಇದೆ. ಕೆಲವರು ಕೆಲವು ಕೆಲಸಕ್ಕೆ ಒದಗುವುದಿಲ್ಲ. ಒಬ್ಬರು ಹೋದರೆ ಅವರ ದೌರ್ಬಲ್ಯ ಎನ್ನೋಣ. ಮೂವರು ಒಂದೇ ಕುರ್ಚಿಯಿಂದ ಎದ್ದು ಹೋದರೆ? ಆ ವೇಳಾಪಟ್ಟಿ ಮಾಡಿದ್ದು ಕ್ಲೈಂಟ್, ನಾನಲ್ಲ ಎಂಬ ಸಮಾಧಾನ ನನ್ನಲ್ಲಿತ್ತು. ಆದರೆ ಆ ಎಣ್ಣೆಯನ್ನು ಕೊಳೆ ಮಾಡಿದ್ದು ಮೇಸ್ತ್ರಿಯೂ ಅಲ್ಲ. ಕಂಡ ಮೇಲೆ ಅವರು ಸುಮ್ಮನೆ ಮುಚ್ಚಳ ಹಾಕಲಿಲ್ಲ. ತಪ್ಪು ಯಾರದ್ದು ಎಂಬುದು ಒಂದು ಪ್ರಶ್ನೆ; ಕಂಡವನು ಏನು ಮಾಡಬೇಕು ಎಂಬುದು ಬೇರೆಯೇ ಪ್ರಶ್ನೆ. ನಾನು ಮೊದಲನೆಯದಕ್ಕೆ ಉತ್ತರಿಸಿ ಎರಡನೆಯದರಿಂದ ತಪ್ಪಿಸಿಕೊಳ್ಳುತ್ತಿದ್ದೆ.

ಮೀಟಿಂಗಿಗೆ ತಡವಾಗಿ ಹೋದೆ. ಕಾಲ್‌ನ ಸಮಯ ಬದಲಾಗುವ ತನಕ ಆ ಜಾಗಕ್ಕೆ ಯಾರನ್ನೂ ಹಾಕುವುದಿಲ್ಲ ಎಂದೆ. ಒಂದು ತಿಂಗಳು ರಾತ್ರಿಯ ಕಾಲ್‌ಗೆ ನಾನೇ ಕೂತೆ. ಈಗ ಅದು ವಾರಕ್ಕೆ ಎರಡಕ್ಕೆ ಇಳಿದಿದೆ, ಪೂರ್ತಿ ನಿಂತಿಲ್ಲ. ಹೊಸಬಳಿಗೆ ಅದನ್ನು ಮೊದಲೇ ಹೇಳಿ ಸೇರಿಸಿಕೊಂಡೆವು.

ಹೋದ ಇಬ್ಬರ ಕಡತದಲ್ಲಿ ನನ್ನ ಟಿಪ್ಪಣಿ ಹಾಗೇ ಇದೆ. ತಿದ್ದಲು ಅನುಮತಿ ಕೇಳಿ ಬರೆದಿದ್ದೇನೆ. ಉತ್ತರ ಬಂದಿಲ್ಲ.