ಸರದಿಯ ಧರ್ಮ

ಬಲದಲ್ಲಿ ಅಸಮರಾದವರಿಗೆ ಸರದಿಯಲ್ಲಿ ಮಾತ್ರ ಸಮತ್ವವನ್ನು ವಿಧಿಸುವುದು ನ್ಯಾಯವೆ? ಕನ್ನಡನಾಡಿನ ಜಗಲಿಕಲ್ಲುಗಳ ಮೇಲೆ ಕೊರೆದಿರುವ ಹುಲಿ-ಕುರಿ ಆಟವು ಕೇಳುವ ಪ್ರಶ್ನೆಯಿದು. ಅದರ ಒಂದು ರೂಢಿಯಲ್ಲಿ ಹುಲಿ 3, ಕುರಿ 15. ಹುಲಿಯು ಹಾರಿ ಕೊಲ್ಲಬಲ್ಲುದು. ಕುರಿಯು ಕೊಲ್ಲಲಾರದು, ಗುಂಪುಗೂಡಿ ದಾರಿಯನ್ನು ಕಟ್ಟಬಲ್ಲುದು. ಆದರೂ ಒಮ್ಮೆ ಇವನು, ಒಮ್ಮೆ ಅವನು ಎಂಬ ಕಟ್ಟಳೆ ಇಬ್ಬರಿಗೂ ಒಂದೇ.

ಒಂದೇ ಸರದಿಯಲ್ಲಿ ಹುಲಿಯು ಎರಡು ಕುರಿಗಳನ್ನು ಹಾರಬಹುದೆ ಎಂಬ ವಾದವು ಹುಟ್ಟುವುದುಂಟು. ನೆಗೆತವು ಹುಲಿಯ ಸ್ವಭಾವ, ಅದನ್ನು ತಡೆಯುವುದು ಕೃತ್ರಿಮವೆಂಬುದು ಪೂರ್ವಪಕ್ಷ. ಸ್ವಭಾವವೇ ಪ್ರಮಾಣವಾದರೆ ಆಟವೇಕೆ, ಕಾಡೇ ಸಾಕೆಂಬುದು ಸಿದ್ಧಾಂತ. ಎಮ್ಮೆದೊಡ್ಡಿಯ ಕಾಡಿನಂಚಿನಲ್ಲಿ ದನ ಮೇಯಿಸುವವನಿಗೆ ಹುಲಿಯು ಸರದಿಯನ್ನು ಕೊಡುವುದಿಲ್ಲ. ಮಣೆಯ ಮೇಲೆ ಕೊಡಲೇಬೇಕು.

ಸರದಿಯು ಹಕ್ಕು ಮಾತ್ರವಲ್ಲ, ಋಣವೂ ಹೌದು. ತಮ್ಮ ಸರದಿಯಲ್ಲಿ ಕದಲಲು ಎಡೆಯಿಲ್ಲದ ಹುಲಿಗಳು ಸೋತಂತೆಯೇ. ದುರ್ಬಲರು ಗೆಲ್ಲುವ ಮಾರ್ಗ ಇದೊಂದೆ.

ಚದುರಂಗದಲ್ಲಿ ಮೊದಲ ನಡೆ ಬಿಳಿಯ ಕಾಯಿಗಳದು. ಆ ಲಾಭವನ್ನು ಸರಿದೂಗಿಸಲು ಮುಂದಿನ ಆಟಕ್ಕೆ ಬಣ್ಣವನ್ನು ಬದಲಿಸುವರು. ಅಂತೆಯೇ ಎರಡನೆಯ ನೆಗೆತವನ್ನು ಬಯಸುವವರು, ಅದಕ್ಕೆ ಸಮನಾದುದೊಂದನ್ನು ಕುರಿಗೂ ಮೊದಲೇ ಗೊತ್ತುಮಾಡಿ ಕೊಡಬೇಕು. ಆಟದ ನಡುವೆ ಕಟ್ಟಳೆಯನ್ನು ತಿದ್ದುವ ಅಧಿಕಾರವು ಹುಲಿಯ ಕಡೆಯವನಿಗಿಲ್ಲ.