ಇಗರ್ಜಿಯ ಮಾಡಿಗೆ ಯಾರ ಹಣ?

ನಮ್ಮ ನೆರೆಯ ಧರ್ಮಕೇಂದ್ರದ ಇಗರ್ಜಿಗೆ ನೂರು ವರ್ಷ ದಾಟಿದೆ. ಹೆಂಚು ಜಾರಿದೆ, ಪಕ್ಕಾಸಿಗೆ ಗೆದ್ದಲು ಹಿಡಿದಿದೆ. ಮಳೆಗಾಲದಲ್ಲಿ ಪೂಜೆಯ ನಡುವೆ ಬೆಂಚುಗಳ ಮಧ್ಯೆ ಬಕೆಟ್ ಇಡಬೇಕಾಗುತ್ತದೆ. ದುರಸ್ತಿ ಆಗಲೇಬೇಕೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಹಣ ಎಲ್ಲಿಂದ ಎಂಬಲ್ಲಿ ಮಾತ್ರ ಸಭೆ ಒಡೆಯುತ್ತದೆ. ಪ್ರತಿ ಕುಟುಂಬಕ್ಕೂ ಇಷ್ಟೆಂದು ವಂತಿಗೆ ಹಾಕಬೇಕೆಂದು ಕೆಲವರು. ಗಲ್ಫಿನಲ್ಲಿರುವ ಶ್ರೀಮಂತರೊಬ್ಬರಿಂದ ಪೂರ್ತಿ ಹಣ ಪಡೆದು ಅವರ ಹೆಸರಿನ ಅಮೃತಶಿಲೆ ಹಾಕೋಣವೆಂದು ಕೆಲವರು. ರಸ್ತೆ ಬದಿಯ ತುಂಡು ಜಮೀನು ಮಾರುವುದು, ಲಕ್ಕಿ ಡ್ರಾ ನಡೆಸುವುದು, ಹೀಗೆ ಇನ್ನೂ ಹಲವು ಸಲಹೆಗಳು.

ಅಲ್ಲಿನ ಪಾಲನಾ ಮಂಡಳಿಯಲ್ಲಿರುವ ನಿವೃತ್ತ ಮಾಸ್ತರರೊಬ್ಬರು ನಮ್ಮ ಹಳೆಯ ಮಿತ್ರರು. ಎಲ್ಲ ವಿವರಿಸಿ, "ನಿಮ್ಮ ಜಮಾಅತಿನಲ್ಲಿ ಹೇಗೆ ಮಾಡುತ್ತೀರಿ ಸಾಹೇಬ್ರೆ?" ಎಂದು ಕೇಳಿದರು. ಉತ್ತರಿಸಲು ನಾವು ತಡವರಿಸಿದೆವು. ಕೆಲವು ವರ್ಷಗಳ ಹಿಂದೆ ನಮ್ಮ ಮಸೀದಿಯ ದುರಸ್ತಿಗೆ ಮನೆಗೊಂದು ಮೊತ್ತ ಗೊತ್ತುಮಾಡಿ, ಬಾಕಿ ಉಳಿದವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ಮೀನಿನ ಲಾರಿಗೆ ಲೋಡ್ ಮಾಡುವ ಕೂಲಿಯೊಬ್ಬರ ಹೆಸರು ಅದರಲ್ಲಿತ್ತು. ಅಂದಿನಿಂದ ಅವರು ಜುಮಾ ನಮಾಝಿಗೆ ಪಕ್ಕದ ಊರಿಗೆ ಹೋಗತೊಡಗಿದರು. ಆ ಪಟ್ಟಿಗೆ ಸಹಿ ಹಾಕಿದವರಲ್ಲಿ ನಾವೂ ಒಬ್ಬರು.

ವಂತಿಗೆಯ ಪರವಾಗಿ ಹೇಳುವ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಇಷ್ಟವಿದ್ದವರು ಕೊಡಲಿ ಎಂದರೆ ಪ್ರತಿ ಸಲವೂ ಅದೇ ನಾಲ್ಕು ಮನೆಗಳು ಹೊರೆ ಹೊರುತ್ತವೆ. ಉಳ್ಳವರು ಹಲವರು ಮೆಲ್ಲನೆ ಜಾರಿಕೊಳ್ಳುತ್ತಾರೆ. ಮಾಡಿನ ನೆರಳು ಎಲ್ಲರಿಗೂ ಬೇಕು, ಭಾರ ಮಾತ್ರ ಕೆಲವರಿಗೆ ಎನ್ನುವುದು ಯಾವ ನ್ಯಾಯ? ಆದರೆ ಬೋರ್ಡಿನ ಮೇಲಿನ ಪಟ್ಟಿ ಜಿಪುಣನನ್ನು ಹಿಡಿಯುವುದಿಲ್ಲ. ಅವನಿಗೆ ನಾಚಿಕೆಯಿಲ್ಲ. ಅದು ಹಿಡಿಯುವುದು ಇಲ್ಲದವನನ್ನು.

ಇಲ್ಲಿ ನಮಗೆ ಪವಿತ್ರ ಕಅಬಾದ ದುರಸ್ತಿಯ ಕಥೆ ನೆನಪಾಗುತ್ತದೆ. ಪ್ರವಾದಿತ್ವಕ್ಕೆ ಸುಮಾರು ಐದು ವರ್ಷ ಮೊದಲು, ಅಂದರೆ ಸುಮಾರು ಕ್ರಿ.ಶ. 605ರಲ್ಲಿ, ಶಿಥಿಲವಾಗಿದ್ದ ಕಅಬಾವನ್ನು ಕುರೈಶರು ಮತ್ತೆ ಕಟ್ಟಿದರು. ಬಡ್ಡಿಯ ಹಣ, ವೇಶ್ಯಾವಾಟಿಕೆಯ ಹಣ, ಅನ್ಯಾಯದಿಂದ ಕಸಿದ ಹಣ ಇದಕ್ಕೆ ಬೇಡವೆಂದು ನಿರ್ಧರಿಸಿದರು. ಇನ್ನೂ ಇಸ್ಲಾಮ್ ಬಾರದ ಕಾಲ, ವಿಗ್ರಹಗಳನ್ನು ಪೂಜಿಸುತ್ತಿದ್ದ ಜನ. ಆದರೂ ದೇವರ ಮನೆಗೆ ಯಾವ ಹಣ ತಕ್ಕುದೆಂಬ ವಿವೇಕ ಅವರಿಗಿತ್ತು. ಶುದ್ಧ ಹಣ ಸಾಲದೆ ಹೋಯಿತು. ಆಗ ಅವರು ಕಟ್ಟಡವನ್ನೇ ಕಿರಿದು ಮಾಡಿದರು. ಹೊರಗುಳಿದ ಆ ಭಾಗವೇ ಇಂದಿಗೂ ಅರ್ಧವೃತ್ತದ ಗಿಡ್ಡ ಗೋಡೆಯೊಳಗಿರುವ ಹತೀಮ್.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಅದೇ ಕುರೈಶರು ಬಾಗಿಲನ್ನು ನೆಲಮಟ್ಟದಿಂದ ಎತ್ತರಿಸಿದರು. ಏಕೆಂದು ಹಝ್ರತ್ ಆಯಿಶಾ(ರ) ಕೇಳಿದಾಗ, ತಮಗೆ ಬೇಕಾದವರನ್ನು ಒಳಬಿಟ್ಟು ಬೇಡವಾದವರನ್ನು ತಡೆಯಲೆಂದು ಹಾಗೆ ಮಾಡಿದರೆಂದು ಪ್ರವಾದಿ(ಸ)ರು ಹೇಳಿದರೆಂಬುದು ಹದೀಸ್. ಹಣ ಶುದ್ಧವಾಗಿದ್ದರೂ ಬಾಗಿಲು ಎತ್ತರವಾಗಬಹುದು! ಆದುದರಿಂದ ಎರಡು ಪ್ರಶ್ನೆ ಕೇಳಬೇಕು: ಹಣ ಎಲ್ಲಿಂದ ಬಂತು? ಅದನ್ನು ಕೂಡಿಸಿದ ರೀತಿ ಯಾರನ್ನು ಹೊರಗೆ ನಿಲ್ಲಿಸಿತು?

ಪ್ಯಾರಿಸಿನ ನೊತ್ರ್ ದಾಮ್ ಇಗರ್ಜಿ 2019ರ ಏಪ್ರಿಲ್ 15ರಂದು ಸುಟ್ಟಾಗ ಸುಮಾರು 150 ದೇಶಗಳ 3 ಲಕ್ಷ 40 ಸಾವಿರದಷ್ಟು ಮಂದಿ 80 ಕೋಟಿ ಯೂರೋಗೂ ಹೆಚ್ಚು ಹಣ ಕೊಟ್ಟರು. ಕೋಟ್ಯಧಿಪತಿಗಳೂ ಕೊಟ್ಟರು, ಅಲ್ಪಸ್ವಲ್ಪವಿದ್ದವರೂ ಕೊಟ್ಟರು. 2024ರ ಡಿಸೆಂಬರ್‌ನಲ್ಲಿ ಅದು ಮತ್ತೆ ತೆರೆಯುವ ಮುನ್ನ, ಪ್ರವಾಸಿಗರಿಂದ ಐದು ಯೂರೋ ಪ್ರವೇಶ ಶುಲ್ಕ ಪಡೆದು ದೇಶದ ಇತರ ಹಳೆಯ ಇಗರ್ಜಿಗಳ ದುರಸ್ತಿಗೆ ಬಳಸೋಣವೆಂದು ಫ್ರಾನ್ಸಿನ ಸಂಸ್ಕೃತಿ ಸಚಿವೆ ಸೂಚಿಸಿದರು. ಉದ್ದೇಶ ಒಳ್ಳೆಯದೇ. ಆದರೂ ಪ್ಯಾರಿಸಿನ ಧರ್ಮಪ್ರಾಂತ್ಯ ಒಪ್ಪಲಿಲ್ಲ. ಪ್ರಾರ್ಥನೆಯ ಮನೆಯ ಪ್ರವೇಶ ಉಚಿತವಾಗಿಯೇ ಇರಬೇಕೆಂದಿತು. ಬಾಗಿಲಿನ ಪ್ರಶ್ನೆ ಅಲ್ಲೂ ಬಂತು ನೋಡಿ.

ಇನ್ನೊಂದು ಎಚ್ಚರ ಬೇಕು. ಬಡವರ ಪಾಲು ಮಾಡಿಗೆ ಹೋಗಬಾರದು. ಕುರ್‌ಆನ್ ಝಕಾತಿಗೆ ಎಂಟು ಹಕ್ಕುದಾರ ವರ್ಗಗಳನ್ನು ಗೊತ್ತುಪಡಿಸಿದೆ. ಮಸೀದಿ ಕಟ್ಟಲು ಅದನ್ನು ಬಳಸಕೂಡದೆಂಬುದು ಬಹುಪಾಲು ವಿದ್ವಾಂಸರ ಮತ. ಕೆಥೊಲಿಕ್ ಸಭೆಯ 1983ರ ಕಾನೂನು ಸಂಹಿತೆಯೂ, ಯಾವ ಉದ್ದೇಶಕ್ಕೆ ಕಾಣಿಕೆ ಬಂತೋ ಅದಕ್ಕೇ ಖರ್ಚಾಗಬೇಕೆನ್ನುತ್ತದೆ. ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಬಿಷಪ್ ಸಂತ ಆಂಬ್ರೋಸ್, ಯುದ್ಧಕೈದಿಗಳನ್ನು ಬಿಡಿಸಲು ಇಗರ್ಜಿಯ ಪವಿತ್ರ ಪಾತ್ರೆಗಳನ್ನೇ ಕರಗಿಸಿ ಮಾರಿಸಿದರು. ಟೀಕಿಸಿದವರಿಗೆ, ಚಿನ್ನವನ್ನು ಉಳಿಸುವುದಕ್ಕಿಂತ ಜೀವಗಳನ್ನು ಉಳಿಸುವುದು ಲೇಸೆಂದು ಉತ್ತರಿಸಿದರು. ಮನುಷ್ಯನಿಗಾಗಿ ದೇವರ ಮನೆ ಬಡವಾಗಬಹುದು. ದೇವರ ಮನೆಗಾಗಿ ಮನುಷ್ಯ ತಲೆ ತಗ್ಗಿಸುವಂತಾಗಬಾರದು.

ಮಾಸ್ತರರಿಗೆ ನಾವು ಕೊನೆಗೆ ಹೇಳಿದ್ದು ಇಷ್ಟೇ. ಮೊದಲು ಸೋರುವುದನ್ನು ನಿಲ್ಲಿಸಿ, ಅಲಂಕಾರ ಕಾಯಲಿ. ಹೆಸರಿಲ್ಲದ ಲಕೋಟೆ ಎಲ್ಲ ಮನೆಗೂ ಹೋಗಲಿ, ಹತ್ತು ರೂಪಾಯಿಯೂ ಹತ್ತು ಲಕ್ಷವೂ ಒಂದೇ ಪೆಟ್ಟಿಗೆಗೆ ಬೀಳಲಿ. ಉಳ್ಳವರು ಕೊಡದಿದ್ದರೆ ಅವರ ಮನೆಗೇ ಹೋಗಿ, ಬಾಗಿಲು ಹಾಕಿಕೊಂಡು ಕೇಳಿ. ಬೋರ್ಡಿನಲ್ಲಿ ಜನರ ಹೆಸರು ಬೇಡ, ಜಮಾಖರ್ಚಿನ ಲೆಕ್ಕ ಮಾತ್ರ ಇರಲಿ. ಶ್ರೀಮಂತರ ಹಣ ಬರಲಿ, ಕಲ್ಲು ಬೇಡ. ಸಾಲದೆ ಹೋದರೆ ಅರ್ಧ ಮಾಡು ಈ ವರ್ಷ, ಉಳಿದರ್ಧ ಮುಂದಿನ ವರ್ಷ.

"ಅರ್ಧವೇ?" ಎಂದರು ಮಾಸ್ತರರು. ನಾವು ಹತೀಮಿನ ಸಂಗತಿ ಹೇಳಿದೆವು. ಕಅಬಾದ ಒಳಗೆ ಕಾಲಿಡುವ ಭಾಗ್ಯ ಕೆಲವೇ ಕೆಲವರಿಗೆ. ಹಣ ಸಾಲದೆ ಹೊರಗುಳಿದ, ಮಾಡಿಲ್ಲದ ಹತೀಮಿನಲ್ಲಿ ಸಾಮಾನ್ಯ ಹಾಜಿಯೂ ನಿಂತು ನಮಾಝ್ ಮಾಡಬಲ್ಲ. ಅಲ್ಲಿ ಮಾಡಿದ ನಮಾಝ್ ಕಅಬಾದ ಒಳಗೆ ಮಾಡಿದ್ದಕ್ಕೆ ಸಮ.

ಮಾಸ್ತರರು ಒಪ್ಪಿದರೋ ತಿಳಿಯದು, ತಲೆಯಾಡಿಸಿ ಹೋದರು. ನಮಗೆ ಮಾತ್ರ ಒಂದು ಕೆಲಸ ಬಾಕಿ ಉಳಿದಿದೆ. ಆ ಕೂಲಿಯವರ ಮನೆ ಮಸೀದಿಯಿಂದ ಐದು ನಿಮಿಷದ ದಾರಿ. ಹೋಗಿ ಕ್ಷಮೆ ಕೇಳದೆ, ಇತರರಿಗೆ ಬುದ್ಧಿ ಹೇಳುವ ಹಕ್ಕು ನಮಗೆಲ್ಲಿಂದ ಬರಬೇಕು?